ತಪ್ಪು ಮಾಡಿಲ್ಲ ಅಂದ್ಮೇಲೆ ಪಾಲಿಗ್ರಾಫ್‌ಗೆ ಯಾಕೆ ಹೆದರಬೇಕು?

ಪ್ರಶ್ನೆ: ನನ್ನ ತಮ್ಮ ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಗಲ್ಲಾಪೆಟ್ಟಿಗೆಯ ಹಣ ಕಳುವಾಗಿದೆ. ಅಂಗಡಿಯ ಹುಡುಗರನ್ನೆಲ್ಲ ಸ್ಟೇಷನ್‌ಗೆ ಕರೆಸಿ ಕೇಳುತ್ತಿದ್ದಾರೆ. ‘ಸುಳ್ಳು ಹಿಡಿಯೋ ಮಷಿನ್ ಮುಂದೆ ಕೂರ್ತೀಯಾ?’ ಅಂದರಂತೆ. ಇವನು ‘ದುಗ್ಗಮ್ಮನ ಗುಡಿಯಲ್ಲಿ ದೀಪ ಮುಟ್ಟಿ ಆಣೆ ಮಾಡೋಕೂ ರೆಡಿ, ಮಷಿನ್ ಏನು ಮಹಾ’ ಅಂತಿದ್ದಾನೆ. ಕೂತರೆ ಬೇಗ ಮುಗಿಯುತ್ತೆ ಅಲ್ವಾ? ಬೇಡ ಅಂದರೆ ಇವನೇ ಕದ್ದ ಅಂತ ಆಗಲ್ವಾ?

ಉತ್ತರ: ಅಕ್ಕಾ, ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ನಮಗೆ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ಅಕ್ಕ, ಅಮ್ಮ, ಹೆಂಡತಿ. ನೇರವಾಗಿ ಹೇಳಿಬಿಡುತ್ತೇನೆ. ಅವಸರದಲ್ಲಿ ಒಪ್ಪಿಕೊಳ್ಳುವುದು ಬೇಡ. ವಕೀಲರ ಹತ್ತಿರ ಮಾತಾಡುವ ತನಕ ನಿಮ್ಮ ತಮ್ಮ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವುದು ಬೇಡವೇ ಬೇಡ. ತಪ್ಪು ಮಾಡದವನಿಗೆ ಈ ಪರೀಕ್ಷೆಯಿಂದ ಏನೂ ಆಗಲ್ಲ ಅನ್ನುವ ಮಾತು ನಿಜವಲ್ಲ.

ಆ ಮಷಿನ್‌ಗೆ, ಅಂದರೆ ಪಾಲಿಗ್ರಾಫ್‌ಗೆ, ಸುಳ್ಳು ಗೊತ್ತಾಗುವುದಿಲ್ಲ. ಮೈಯಲ್ಲಿ ಆಗುವ ಏರುಪೇರು ಮಾತ್ರ ಅದಕ್ಕೆ ಗೊತ್ತಾಗುವುದು. ತೋಳಿಗೆ ಬಿಪಿ ನೋಡುವಾಗ ಸುತ್ತುವಂಥ ಪಟ್ಟಿ. ಎದೆಗೂ ಹೊಟ್ಟೆಗೂ ಉಸಿರಾಟ ಅಳೆಯುವ ಕೊಳವೆ. ಬೆರಳಿಗೆ ಬೆವರು ಗುರುತಿಸುವ ಕ್ಲಿಪ್. 1921ರಲ್ಲಿ ಅಮೆರಿಕದ ಬರ್ಕ್ಲಿ ಊರಿನ ಪೊಲೀಸ್ ಅಧಿಕಾರಿ ಜಾನ್ ಲಾರ್ಸನ್ ಇದನ್ನು ಕಟ್ಟಿದಾಗಿನಿಂದ ಕಂಪ್ಯೂಟರ್ ಬಂದಿದೆ, ಗ್ರಾಫು ಚೆಂದವಾಗಿದೆ. ಆದರೆ ಸುಳ್ಳಿಗೇ ಅಂತ ಮೈಯಲ್ಲಿ ಬೇರೆ ಗುರುತು ಇನ್ನೂ ಯಾರಿಗೂ ಸಿಕ್ಕಿಲ್ಲ. ಭಯ, ಸಿಟ್ಟು, ನಾಚಿಕೆ, ಅವಮಾನ ಯಾವುದಾದರೂ ಎದೆ ಬಡಿತ ಏರುತ್ತದೆ, ಕೈ ಬೆವರುತ್ತದೆ. ಹರಿಹರದ ಬಸ್ಸಿಗೆ ಚೆಕಿಂಗ್‌ನವರು ಹತ್ತಿದಾಗ ಟಿಕೆಟ್ ಜೇಬಲ್ಲೇ ಇದ್ದರೂ ಒಂದು ಕ್ಷಣ ಎದೆ ಡವಡವ ಅನ್ನಲ್ವಾ?

ಒಳಗೆ ಏನು ನಡೆಯುತ್ತದೆ ಅನ್ನುವುದು ನಿಮ್ಮ ತಮ್ಮನಿಗೆ ಮೊದಲೇ ಗೊತ್ತಿರಬೇಕು. ವೈರು ಹಾಕುವ ಮುಂಚೆ ತುಂಬಾ ಹೊತ್ತು ಮಾತಾಡಿಸುತ್ತಾರೆ. ಮನೆ, ಸಾಲ, ಸ್ನೇಹಿತರು, ಕುಡಿತ ಎಲ್ಲವನ್ನೂ ಕೇಳುತ್ತಾರೆ. ಕೆಲವು ಕಡೆ ‘ಒಂದು ನಂಬರ್ ಮನಸ್ಸಲ್ಲಿ ಇಟ್ಟುಕೋ, ಏನು ಕೇಳಿದರೂ ಇಲ್ಲ ಅನ್ನು’ ಎಂದು ಹೇಳಿ, ಆಮೇಲೆ ಆ ನಂಬರನ್ನು ಹೇಳಿ ತೋರಿಸುತ್ತಾರೆ. ಮಷಿನ್ ತಪ್ಪುವುದೇ ಇಲ್ಲ ಎಂಬ ನಂಬಿಕೆ ಹುಟ್ಟಿಸುವುದಕ್ಕೆ ಇದು.

ಆಮೇಲೆ ಪ್ರಶ್ನೆಗಳು. ಹೌದು, ಇಲ್ಲ ಅಷ್ಟೇ ಹೇಳಬೇಕು, ಅಲುಗಾಡುವಂತಿಲ್ಲ. ಒಂದು ಪ್ರಶ್ನೆಗೂ ಮುಂದಿನ ಪ್ರಶ್ನೆಗೂ ನಡುವೆ ಸುಮ್ಮನೆ ಕಾಯಬೇಕು. ತೋಳಿನ ಪಟ್ಟಿ ಬಿಗಿದು ಕೈ ಜೋಮು ಹಿಡಿಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನದಲ್ಲಿ ‘ಗಲ್ಲಾಪೆಟ್ಟಿಗೆಯ ಹಣ ನೀನು ತೆಗೆದೆಯಾ?’ ಎಂಬಂಥ ಪ್ರಶ್ನೆಯ ಜೊತೆಗೆ ‘ನಂಬಿದವರಿಗೆ ಯಾವತ್ತಾದರೂ ಮೋಸ ಮಾಡಿದ್ದೀಯಾ?’ ಎಂಬಂಥ ಪ್ರಶ್ನೆಯನ್ನೂ ಬೆರೆಸುತ್ತಾರೆ. ಎರಡನೆಯದಕ್ಕೆ ಎಲ್ಲರೂ ಒಳಗೊಳಗೇ ಅಳುಕುತ್ತಾರೆ. ನಿರಪರಾಧಿಯ ಮೈ ಈ ಎರಡನೆಯದಕ್ಕೇ ಜಾಸ್ತಿ ಅಲುಗುತ್ತದೆ, ಕದ್ದವನ ಮೈ ಮೊದಲನೆಯದಕ್ಕೆ ಅಲುಗುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ.

ಈ ಲೆಕ್ಕವನ್ನು ನಿಮ್ಮ ತಮ್ಮನಿಗೆ ಹಚ್ಚಿ ನೋಡಿ. ಅವನ ಕೆಲಸ, ಮರ್ಯಾದೆ, ನಾಳೆಯ ಜೀವನ ಎಲ್ಲವೂ ಆ ಮೊದಲನೇ ಪ್ರಶ್ನೆಯ ಮೇಲೆ ನಿಂತಿವೆ. ಅದು ಕಿವಿಗೆ ಬಿದ್ದ ಕೂಡಲೇ ಅವನ ಎದೆ ಹೊಡೆದುಕೊಳ್ಳದೆ ಇರುತ್ತಾ? ಆಣೆ ಮಾಡಲು ರೆಡಿ ಇರುವವನಿಗೇ ಈ ಪ್ರಶ್ನೆ ಜಾಸ್ತಿ ನಾಟುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಅತ್ತ ತಣ್ಣನೆಯ ಎದೆಯವರು ಪಾರಾಗುತ್ತಾರೆ. ಅಮೆರಿಕದ ಸರಣಿ ಕೊಲೆಗಾರ ಗ್ಯಾರಿ ರಿಡ್ಜ್‌ವೇ 1984ರಲ್ಲಿ ಪಾಲಿಗ್ರಾಫ್‌ನಲ್ಲಿ ಪಾಸಾದ. 2001ರಲ್ಲಿ ಡಿಎನ್‌ಎ ಅವನನ್ನು ಹಿಡಿಸಿತು. 2003ರಲ್ಲಿ 48 ಕೊಲೆಗಳನ್ನು ಒಪ್ಪಿಕೊಂಡ. ಅದೇ ವರ್ಷ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಪಾಲಿಗ್ರಾಫ್ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಬರೀ ಊಹೆಗಿಂತ ಇದು ವಾಸಿ, ಆದರೆ ತಪ್ಪೇ ಆಗದಷ್ಟು ನಂಬುವಂತಿಲ್ಲ ಅನ್ನುವುದು ಅದರ ಸಾರ.

ನಿಜವಾದ ಪೆಟ್ಟು ಬೀಳುವುದು ವೈರು ಬಿಚ್ಚಿದ ಮೇಲೆ. ‘ಮಷಿನ್ ಹೇಳ್ತಿದೆ ನೀನೇ ಅಂತ, ಇನ್ನೂ ಯಾಕೆ ನಾಟಕ?’ ಎಂದು ಶುರುವಾಗುವ ವಿಚಾರಣೆ ಎಂಥವರನ್ನೂ ಕುಗ್ಗಿಸುತ್ತದೆ. 1973ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಪೀಟರ್ ರೈಲಿ ಎಂಬ 18 ವರ್ಷದ ಹುಡುಗ ಮನೆಗೆ ಬಂದಾಗ ತಾಯಿಯ ಕೊಲೆಯಾಗಿತ್ತು. ಪೊಲೀಸರು ಅವನನ್ನೇ ಕೂರಿಸಿಕೊಂಡರು. ಸರಿಯಾದ ನಿದ್ದೆ ಇಲ್ಲ. ಪಾಲಿಗ್ರಾಫ್ ಮಾಡಿ, ಫಲಿತಾಂಶ ನಿನ್ನ ವಿರುದ್ಧ ಇದೆ ಅಂದರು. ಗಂಟೆಗಟ್ಟಲೆ ಅದನ್ನೇ ಕೇಳಿ ಕೇಳಿ ಆ ಹುಡುಗನಿಗೆ ತನ್ನ ನೆನಪಿನ ಮೇಲೇ ಅನುಮಾನ ಬಂತು. ನಾನೇ ಮಾಡಿ ಮರೆತಿರಬಹುದಾ ಅನಿಸಿ, ಕೊನೆಗೆ ತಪ್ಪೊಪ್ಪಿಗೆಗೆ ಸಹಿ ಹಾಕಿದ. 1974ರಲ್ಲಿ ಶಿಕ್ಷೆಯೂ ಆಯಿತು. 1976ರಲ್ಲಿ ಕೋರ್ಟ್ ಆ ತೀರ್ಪನ್ನು ತೆಗೆದುಹಾಕಿತು, ಆಮೇಲೆ ಕೇಸೂ ಬಿದ್ದುಹೋಯಿತು. ಅವ್ವನನ್ನು ಕಳೆದುಕೊಂಡ ಹುಡುಗ ಅಳುವುದಕ್ಕೂ ಬಿಡುವಿಲ್ಲದೆ ಹಾಗೆ ಕೂತಿದ್ದ. ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ನಮ್ಮೂರುಗಳಲ್ಲಿ ಇನ್ನೊಂದು ನೋವೂ ಸೇರಿಕೊಳ್ಳುತ್ತದೆ. ಪರೀಕ್ಷೆ ಬೆಂಗಳೂರಿನಲ್ಲಿ ಅಂತಾದರೆ ಮನೆ ಮುಂದೆ ಜೀಪು ನಿಲ್ಲುತ್ತದೆ, ಓಣಿಯವರು ನೋಡುತ್ತಾರೆ. ‘ಮಷಿನ್‌ನಲ್ಲಿ ಸಿಕ್ಕಿಬಿದ್ದನಂತೆ’ ಎಂಬ ಮಾತು ವಾಟ್ಸ್ಯಾಪ್‌ನಲ್ಲಿ ಹೊರಟರೆ, ಕೋರ್ಟ್ ಬಿಟ್ಟುಕಳಿಸಿದ ಮೇಲೂ ನಿಲ್ಲುವುದಿಲ್ಲ. ಕೆಲಸ ಕೊಡುವವರು ಹಿಂದೆಮುಂದೆ ನೋಡುತ್ತಾರೆ. ಹುಡುಗ ಊಟ ಬಿಡುತ್ತಾನೆ, ರಾತ್ರಿಯೆಲ್ಲ ಎದ್ದು ಕೂರುತ್ತಾನೆ. ನಿಮ್ಮ ತಮ್ಮ ಈಗಲೇ ಹೀಗಾಗಿದ್ದರೆ, ಅಥವಾ ಬದುಕೇ ಬೇಡ ಎಂಬ ಮಾತು ಅವನ ಬಾಯಲ್ಲಿ ಬಂದರೆ ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕಾನೂನು. ಇಲ್ಲಿ ಸಮಾಧಾನದ ಸುದ್ದಿಯಿದೆ, ಅದೂ ನಮ್ಮ ರಾಜ್ಯದ ಹೆಸರೇ ಇರುವ ಕೇಸಿನಿಂದ. ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಪಾಲಿಗ್ರಾಫ್, ಮದ್ದು ಕೊಟ್ಟು ಮಾತಾಡಿಸುವ ಮಂಪರು ಪರೀಕ್ಷೆ, ಮಿದುಳಿನ ಅಲೆ ನೋಡುವ ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಬಲವಂತವಾಗಿ ಮಾಡುವಂತಿಲ್ಲ. ಮಾಡಿದರೆ ಸಂವಿಧಾನದ 20(3)ನೇ ವಿಧಿ (ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು) ಮತ್ತು 21ನೇ ವಿಧಿ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ಮುರಿದಂತೆ. ತಾನಾಗಿ ಒಪ್ಪಿ ಕೂತರೂ ಫಲಿತಾಂಶವೇ ಸಾಕ್ಷಿ ಆಗುವುದಿಲ್ಲ. ಆದರೆ ಅಲ್ಲಿ ಹೇಳಿದ ಮಾತಿನಿಂದ ಮುಂದೆ ಏನಾದರೂ ವಸ್ತುವೋ ಮಾಹಿತಿಯೋ ಸಿಕ್ಕರೆ, ಅದನ್ನು ಕೋರ್ಟ್ ಮುಂದೆ ಇಡಬಹುದು. ‘ಇದು ಸಾಕ್ಷಿಯೇ ಅಲ್ಲವಲ್ಲ, ಕೂತರೇನು?’ ಎಂದು ಯಾರಾದರೂ ಅಂದರೆ ಇದನ್ನು ನೆನಪಿಟ್ಟುಕೊಳ್ಳಿ.

ನಿಮ್ಮ ಎರಡನೇ ಭಯಕ್ಕೂ ಉತ್ತರ ಇಲ್ಲೇ ಇದೆ. ಬೇಡ ಅನ್ನುವುದು ಅವನ ಹಕ್ಕು. ಬೇಡ ಅಂದ ಎಂಬ ಕಾರಣಕ್ಕೇ ಕದ್ದವನು ಎಂದು ಕೋರ್ಟ್ ತೀರ್ಮಾನಿಸುವಂತಿಲ್ಲ. ಪೊಲೀಸರ ಅನುಮಾನ ಸ್ವಲ್ಪ ಜಾಸ್ತಿ ಆಗಬಹುದು, ಅದನ್ನು ನಾನು ಇಲ್ಲ ಅನ್ನಲಾರೆ. ಆದರೆ ಹಣದ ಲೆಕ್ಕ, ಸಿಸಿಟಿವಿ, ಫೋನ್ ದಾಖಲೆ ಇವನ್ನೆಲ್ಲ ಅವರು ಹೇಗಿದ್ದರೂ ನೋಡಲೇಬೇಕು.

ಒಂದು ವೇಳೆ ವಕೀಲರೂ ಕೂರಲಿ ಅಂದರೆ, ಪದ್ಧತಿ ಪ್ರಕಾರವೇ ಆಗಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ ಕೊಟ್ಟ ನಿಯಮಗಳನ್ನು ತಪ್ಪದೆ ಪಾಲಿಸಬೇಕು ಎಂದು ಅದೇ ತೀರ್ಪಿನಲ್ಲಿದೆ. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಬೇಕು, ಸ್ಟೇಷನ್‌ನಲ್ಲಿ ಅಲ್ಲ. ಆಗ ವಕೀಲರು ಇರಬೇಕು. ಪರೀಕ್ಷೆಯಿಂದ ಮೈಗೆ, ಮನಸ್ಸಿಗೆ, ಕೇಸಿಗೆ ಏನಾಗಬಹುದು ಎಂದು ಪೊಲೀಸರೂ ವಕೀಲರೂ ಬಿಡಿಸಿ ಹೇಳಿರಬೇಕು. ಎಷ್ಟು ದಿನದಿಂದ ಕೂಡಿಹಾಕಿದ್ದಾರೆ, ಹೇಗೆ ವಿಚಾರಣೆ ಮಾಡಿದ್ದಾರೆ ಎಂಬುದನ್ನು ಮ್ಯಾಜಿಸ್ಟ್ರೇಟ್ ಗಮನಿಸಬೇಕು. ನಡುರಾತ್ರಿ ಬೆಂಚಿನ ಮೇಲೆ ಕೂರಿಸಿ ತೆಗೆದುಕೊಂಡ ಸಹಿಯನ್ನು ನಾನಂತೂ ಒಪ್ಪಿಗೆ ಅನ್ನಲ್ಲ. ಬಿಪಿ, ಹೃದಯ, ಉಬ್ಬಸ, ಮನಸ್ಸಿನ ಕಾಯಿಲೆ ಯಾವುದಕ್ಕಾದರೂ ಮಾತ್ರೆ ತಗೊಳ್ತಿದ್ದರೆ ಚೀಟಿ ಸಮೇತ ಮೊದಲೇ ಹೇಳಲಿ. ನಿದ್ದೆಗೆಟ್ಟು, ಹಸಿದುಕೊಂಡು ಕೂರುವುದು ಬೇಡ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನಿರಬೇಡಿ. ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ಪೊಲೀಸರು ನೋಟಿಸ್ ಕೊಟ್ಟು ಕರೆದರೆ ಮಾತ್ರ ತಪ್ಪಿಸಿಕೊಳ್ಳಬಾರದು, ಹೇಳಿದ ಹೊತ್ತಿಗೆ ಹೋಗಲಿ. ಪಾಲಿಗ್ರಾಫ್ ಬೇಡ ಅನ್ನುವುದೇ ಬೇರೆ, ವಿಚಾರಣೆಗೆ ಹೋಗದೆ ಇರುವುದೇ ಬೇರೆ. ನೋಟಿಸಿನ ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಂಡು, ಇನ್ನೊಂದನ್ನು ಅವತ್ತೇ ವಕೀಲರಿಗೆ ಮುಟ್ಟಿಸಿ.