ಇಂಗಾಲದ ವೆಚ್ಚ: ಒಂದು ಎಕರೆ ಕಾಫಿ ತೋಟದ ಲೆಕ್ಕ

ಹವಾಮಾನ ಬದಲಾವಣೆಯ ಆರ್ಥಿಕ ವೆಚ್ಚ ಎಂದ ಕೂಡಲೇ ನಾವು ಪರೀಕ್ಷೆಯಲ್ಲಿ ಬರೆಯುವುದು ನೆರೆ, ಭೂಕುಸಿತ, ಬೆಳೆಹಾನಿ ಎಂಬ ಪಟ್ಟಿ. ಪಟ್ಟಿ ಬರೆದರೆ ಅಂಕ ಸಿಗಬಹುದು, ವಿಷಯ ತಲೆಗೆ ಹತ್ತುವುದಿಲ್ಲ. ಇಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಒಂದು ಎಕರೆ ರೋಬಸ್ಟಾ ಕಾಫಿ ತೋಟ ಹಿಡಿದು ಲೆಕ್ಕವನ್ನೇ ಮಾಡೋಣ.

ಮೊದಲು ಮೂರು ಪದ. ಡೀಸೆಲ್ ಸುಡುವವರು ಡೀಸೆಲ್ಲಿನ ದುಡ್ಡು ಕೊಡುತ್ತಾರೆ. ಅದರ ಹೊಗೆಯಿಂದ ಬೇರೆಯವರಿಗಾಗುವ ನಷ್ಟ ಕೊಡುವುದಿಲ್ಲ. ಅದು ಬಾಹ್ಯ ವೆಚ್ಚ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೆಚ್ಚಿಗೆ ಬಿಟ್ಟರೆ ಮುಂದಿನ ಎಲ್ಲ ವರ್ಷಗಳಲ್ಲಿ ಆಗುವ ಹಾನಿಯನ್ನು ಇಂದಿನ ಹಣಕ್ಕೆ ಇಳಿಸಿದಾಗ ಬರುವುದು ಇಂಗಾಲದ ಸಾಮಾಜಿಕ ವೆಚ್ಚ. ಇಂಗಾಲದ ಬೆಲೆ ಬೇರೆ: ಅದು ತೆರಿಗೆಯಾಗಿಯೋ ಮಾರುಕಟ್ಟೆಯಲ್ಲೋ ನಿಜವಾಗಿ ಕೈಯಿಂದ ಕೊಡುವ ದುಡ್ಡು. ಈ ಕೊನೆಯ ಎರಡನ್ನು ಅದಲುಬದಲು ಮಾಡಿದರೆ ಉತ್ತರ ಪೂರ್ತಿ ದಾರಿ ತಪ್ಪುತ್ತದೆ.

ಈಗ ತೋಟಕ್ಕೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ರೋಬಸ್ಟಾ ಮೊಗ್ಗು ಬಲಿತು ಹೂಮಳೆಗೆ, ಅಂದರೆ ಹೂ ಅರಳಿಸುವ ಮಳೆಗೆ ಕಾಯುತ್ತಿರುತ್ತದೆ. ಸುಮಾರು ಒಂದಿಂಚು ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಕಾಲಿಂಚು ಹನಿಸಿ ನಿಂತುಹೋದರೆ ಮೊಗ್ಗು ಸರಿಯಾಗಿ ಅರಳದೆ ಒಣಗುತ್ತದೆ. ಹೂ ಬಿರಿದ ದಿನವೇ ಜೋರು ಮಳೆಯಾದರೆ ಪರಾಗ ತೊಳೆದುಹೋಗುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ನಿಲ್ಲಿಸುವ ಎರಡನೇ ಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು: ವರ್ಷದ ಒಟ್ಟು ಮಳೆ ಸರಿಯಾಗಿಯೇ ಇದ್ದೂ ಫಸಲು ಕೈಕೊಡಬಹುದು. ವಾರ್ಷಿಕ ಸರಾಸರಿ ನೋಡಿ ಹಾನಿ ಅಂದಾಜಿಸಿದರೆ ತಪ್ಪುವುದು ಇದಕ್ಕೇ.

ಲೆಕ್ಕಕ್ಕಾಗಿ ಕೆಲವು ಅಂಕಿ ಊಹಿಸಿಕೊಳ್ಳಿ. ಮೊದಲು ಹತ್ತು ವರ್ಷಕ್ಕೆ ಒಮ್ಮೆ ಹೂಮಳೆ ತಪ್ಪುತ್ತಿತ್ತು, ಈಗ ಮೂರು ಸಲ. ತಪ್ಪಿದ ವರ್ಷ ಎಕರೆಗೆ 40,000 ರೂ. ನಷ್ಟ. ಹಾಗಾದರೆ ಹವಾಮಾನ ಬದಲಾವಣೆಯ ವೆಚ್ಚ 40,000 ಅಲ್ಲ. ಮೊದಲಿನ ಸರಾಸರಿ ನಷ್ಟ ವರ್ಷಕ್ಕೆ 4,000, ಈಗಿನದು 12,000, ವ್ಯತ್ಯಾಸ 8,000. ಮಳೆ ತಪ್ಪುವುದು ಹಿಂದೆಯೂ ಇತ್ತು. ನಾವು ಅಳೆಯುವುದು ಅದರ ಸಾಧ್ಯತೆ ಎಷ್ಟು ಏರಿತು ಎಂಬುದನ್ನು. ಒಂದು ವರ್ಷದ ಅತಿವೃಷ್ಟಿಯನ್ನೋ ಬರವನ್ನೋ ಇಡಿಯಾಗಿ ಹವಾಮಾನದ ಲೆಕ್ಕಕ್ಕೆ ಬರೆಯಬಾರದು ಎನ್ನುವುದೂ ಅದಕ್ಕೇ.

ಇನ್ನು ಸ್ಪ್ರಿಂಕ್ಲರ್ ಹಾಕಿಸಿದರು ಎನ್ನಿ. ವರ್ಷದ ಖರ್ಚು 5,000 ರೂ., ಮಳೆ ತಪ್ಪಿದ ವರ್ಷದ ನಷ್ಟ 10,000ಕ್ಕೆ ಇಳಿಯುತ್ತದೆ. ಹಳೆಯ ಹವಾಮಾನದಲ್ಲಿ ಇದು ಗಿಟ್ಟುತ್ತಿರಲಿಲ್ಲ: 5,000 ಕೂಡಿಸು 1,000, ಒಟ್ಟು 6,000, ಸುಮ್ಮನಿದ್ದರೆ 4,000 ಮಾತ್ರ. ಈಗ 5,000 ಕೂಡಿಸು 3,000, ಒಟ್ಟು 8,000, ಸುಮ್ಮನಿದ್ದರೆ 12,000. ಆದ್ದರಿಂದ ಹಾಕಿಸುವುದೇ ಸರಿ, ಮತ್ತು ನಿಜವಾದ ಹೆಚ್ಚುವರಿ ವೆಚ್ಚ ಈಗಿನ ಒಟ್ಟು 8,000ದಿಂದ ಮೊದಲಿನ 4,000 ಕಳೆದರೆ ಉಳಿಯುವ 4,000. ಸ್ಪ್ರಿಂಕ್ಲರ್ ಇಲ್ಲದಿದ್ದರೆ ಆಗುತ್ತಿದ್ದ 8,000 ಹೆಚ್ಚುವರಿ ಹಾನಿಯನ್ನೂ ಸ್ಪ್ರಿಂಕ್ಲರಿನ 5,000 ಖರ್ಚನ್ನೂ ಕೂಡಿಸಿ 13,000 ಎಂದು ಬರೆಯುವುದು ಎಲ್ಲರೂ ಮಾಡುವ ತಪ್ಪು. ಒಂದೇ ನಷ್ಟ ಎರಡು ಸಲ ಸೇರಿತು. ಎಷ್ಟು ಸಲ ತಪ್ಪಿದರೆ ಹಾಕಿಸಬಹುದು? ನೀವೇ ಸಮೀಕರಣ ಬರೆದು ನೋಡಿ, ಆರು ವರ್ಷಕ್ಕೊಮ್ಮೆ ಎಂದು ಬರುತ್ತದೆ.

ಆ ನೀರಾವರಿಗೂ ಹೊಗೆ ಇದೆ. ಒಂದು ಎಕರೆಗೆ ಒಂದಿಂಚು ಎಂದರೆ ಸುಮಾರು 1,03,000 ಲೀಟರ್ ನೀರು. ಅಷ್ಟು ಎತ್ತಲು 15 ಲೀಟರ್ ಡೀಸೆಲ್ ಹಿಡಿಯಿತೆಂದರೆ, ಲೀಟರಿಗೆ 2.68 ಕಿಲೋದಂತೆ ಸುಮಾರು 40 ಕಿಲೋ ಡೈಆಕ್ಸೈಡ್. (ಬರಿಯ ಇಂಗಾಲದ ತೂಕ ಕೊಟ್ಟಿದ್ದರೆ ಡೈಆಕ್ಸೈಡ್, ಇಂಗಾಲಗಳ ತೂಕದ ಅನುಪಾತ 44/12ರಿಂದ, ಅಂದರೆ 3.67ರಿಂದ ಗುಣಿಸಿ, ಮರೆತರೆ ಉತ್ತರ ಮೂರೂವರೆ ಪಟ್ಟಿಗಿಂತ ಹೆಚ್ಚು ತಪ್ಪುತ್ತದೆ.) ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜು ಟನ್ನಿಗೆ 190 ಡಾಲರ್. ಡಾಲರಿಗೆ 85 ರೂ. ಹಿಡಿದರೆ ಆ ಒಂದು ಸುತ್ತಿನ ಹೊಗೆಗೆ ಸುಮಾರು 650 ರೂ., ಲೀಟರಿಗೆ 43 ರೂ. ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

190 ಎಂಬುದು 2 ಶೇಕಡಾ ಡಿಸ್ಕೌಂಟ್ ದರಕ್ಕೆ, ಅಂದರೆ ಮುಂದಿನ ಹಾನಿಯನ್ನು ಇಂದಿನ ಹಣಕ್ಕೆ ಇಳಿಸುವಾಗ ವರ್ಷಕ್ಕೆ ಹಿಡಿಯುವ ದರಕ್ಕೆ. ಅದೇ ಸಂಸ್ಥೆಯ ಲೆಕ್ಕ 2.5 ಶೇಕಡಾಕ್ಕೆ 120, 1.5 ಶೇಕಡಾಕ್ಕೆ 340 ಡಾಲರ್. ಯಾಕಿಷ್ಟು ಅಂತರ? 50 ವರ್ಷದ ನಂತರದ ಒಂದು ಲಕ್ಷ ರೂ. ಹಾನಿ 2 ಶೇಕಡಾ ದರದಲ್ಲಿ ಇಂದಿನ ಸುಮಾರು 37,000. 5 ಶೇಕಡಾದಲ್ಲಿ 8,700 ಅಷ್ಟೆ. ವಿಜ್ಞಾನ ಒಂದೇ, ಮೊಮ್ಮಕ್ಕಳ ನಷ್ಟಕ್ಕೆ ನಾವು ಕೊಡುವ ತೂಕ ಬೇರೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಅವರ 2006ರ ವರದಿಗೂ ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಅವರಿಗೂ ನಡೆದ ವಾದದ ತಿರುಳು ಇದೇ. ದರ ಹೇಳದೆ ವೆಚ್ಚ ಹೇಳಿದ ಉತ್ತರಕ್ಕೆ ಬೆಲೆಯಿಲ್ಲ.

ಇನ್ನೊಂದು ಎಚ್ಚರಿಕೆ. 2024ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಿದ್ದು ಕಾಫಿ ಧಾರಣೆ ದಾಖಲೆಗೆ ಏರಿತು. ಚಿಕ್ಕಮಗಳೂರಿನ ಬೆಳೆಗಾರರ ಕೈಗೆ ದುಡ್ಡು ಬಂತು. ಹಾಗಂತ ಬರದಿಂದ ಲಾಭ ಎಂದು ಬರೆಯಬೇಡಿ. ಕುಡಿಯುವವರ ಜೇಬಿನಿಂದ ಬೆಳೆಗಾರರಿಗೆ ಬಂದದ್ದು ವರ್ಗಾವಣೆ. ಅಲ್ಲಿ ಒಣಗಿಹೋದ ಫಸಲು ಮಾತ್ರ ನಿಜವಾದ ನಷ್ಟ. ಹಾಗೆಯೇ ಮಳೆಗೆ ಕುಸಿದ ಘಾಟಿ ರಸ್ತೆಯನ್ನು ಮತ್ತೆ ಕಟ್ಟಿದರೆ ಜಿಡಿಪಿ ಏರುತ್ತದೆ, ಆದರೆ ಇದ್ದ ರಸ್ತೆಯೇ ಮರಳಿ ಬಂದಿತು. ಮೇಲಿನ ಎಕರೆಯ ಲೆಕ್ಕದಲ್ಲೂ ಒಂದು ಸಾಲು ಬಿಟ್ಟುಹೋಗಿದೆ: ಫಸಲು ಕಡಿಮೆಯಾದ ವರ್ಷ ಕೊಯ್ಲಿನ ಆಳುಗಳು ಕಳೆದುಕೊಳ್ಳುವ ಕೂಲಿ ದಿನಗಳು. ಅದಕ್ಕೆ ಬೇರೆಯೇ ಕಾಲಂ ಹಾಕಿ. ತೋಟದ ಲೆಕ್ಕದ ಪುಸ್ತಕದಲ್ಲಿ ಅದು ಉಳಿತಾಯದಂತೆ ಕಾಣುತ್ತದೆ.