ಚಾರ್ಟರ್ ಶಾಲೆಯ ಫಲಿತಾಂಶವನ್ನು ಓರೆಯಾಗಿ ಓದಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತ ಶಾಲೆಗಳ ಆಯ್ಕೆಯ ಬಗ್ಗೆ ಪೋಷಕರಿಗೆ ಸಲಹೆ ನೀಡುವುದು ನನ್ನ ವೃತ್ತಿ. ಚಾರ್ಟರ್ ಶಾಲೆಗಳ ಲಾಟರಿಗೆ ಅರ್ಜಿ ಹಾಕುವ ಚಳಿಗಾಲದಲ್ಲಿ ನನ್ನಲ್ಲಿಗೆ ಬರುವ ಕನ್ನಡ ಕುಟುಂಬಗಳು ಮೊದಲು ಕೇಳುವುದು, ಇದು ಸರ್ಕಾರಿ ಶಾಲೆಯೇ, ಖಾಸಗಿಯೇ ಎಂದು. ನಮ್ಮ ಅನುದಾನಿತ ಶಾಲೆಯ ಹೋಲಿಕೆ ಸ್ವಲ್ಪ ಮಟ್ಟಿಗೆ ಹೊಂದುತ್ತದೆ. ಹಣ ಸರ್ಕಾರದ್ದು, ಬೋಧನಾ ಶುಲ್ಕವಿಲ್ಲ, ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ, ಆಡಳಿತ ಮಾತ್ರ ಪ್ರತ್ಯೇಕ ಮಂಡಳಿಯದು. 1991ರಲ್ಲಿ ಮಿನ್ನೆಸೋಟ ಇಂಥ ಶಾಲೆಗಳಿಗೆ ಮೊದಲ ಕಾನೂನು ಮಾಡಿತು, ಮರುವರ್ಷ ಕ್ಯಾಲಿಫೋರ್ನಿಯಾ ಮಾಡಿತು.

ಎರಡನೆಯ ಪ್ರಶ್ನೆ ಶೇಕಡಾವಾರಿನದು, ನಾನು ಹೆಚ್ಚು ಹೊತ್ತು ಕಳೆಯುವುದೂ ಅಲ್ಲಿಯೇ. ರಾಜ್ಯದ ವಾರ್ಷಿಕ ಪರೀಕ್ಷೆಯನ್ನು 3ರಿಂದ 8ನೇ ತರಗತಿಯವರೂ 11ನೇ ತರಗತಿಯವರೂ ಬರೆಯುತ್ತಾರೆ. ಒಂದು ಶಾಲೆಯಲ್ಲಿ ಶೇ. 80ರಷ್ಟು ಮಕ್ಕಳು ನಿಗದಿತ ಮಟ್ಟ ಮುಟ್ಟಿದ್ದಾರೆ ಎಂದರೆ, ಅದರಲ್ಲಿ ಶಾಲೆ ಕಲಿಸಿದ್ದೆಷ್ಟು, ಮಗು ಮನೆಯಿಂದ ತಂದದ್ದೆಷ್ಟು ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ. ಆದ್ದರಿಂದ ವರ್ಷವಾರು, ತರಗತಿವಾರು ಫಲಿತಾಂಶದ ಕೋಷ್ಟಕವನ್ನು ಓರೆಯಾಗಿ ಓದಿ ಎನ್ನುತ್ತೇನೆ: 2022ರ ಮೂರನೆಯ ತರಗತಿ, 2023ರ ನಾಲ್ಕನೆಯದು, 2024ರ ಐದನೆಯದು, ಅಂದರೆ ಬಹುಪಾಲು ಅದೇ ಮಕ್ಕಳು. ಒಂದು ಶಾಲೆಯಲ್ಲಿ ಈ ಸಾಲು 78, 74, 69 ಎಂದು ಇಳಿಯುತ್ತಿದೆ, ಇನ್ನೊಂದರಲ್ಲಿ 47, 54, 61 ಎಂದು ಏರುತ್ತಿದೆ ಎಂದಿಟ್ಟುಕೊಳ್ಳಿ. ನನ್ನ ಮಗುವನ್ನಾದರೆ ಎರಡನೆಯದಕ್ಕೇ ಕಳಿಸುತ್ತೇನೆ.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಆರನೆಯ ತರಗತಿಯಲ್ಲಿ ತೊಂಬತ್ತು ಮಕ್ಕಳಿದ್ದು, ಅದೇ ತಂಡ ಎಂಟಕ್ಕೆ ಬರುವಾಗ ಅರವತ್ತಾಗಿದ್ದರೆ, ಬಿಟ್ಟುಹೋದವರು ಯಾರು, ಆ ಸೀಟುಗಳನ್ನು ತುಂಬಿದರೇ ಎಂದು ಕೇಳಬೇಕು. ಮನೆ ಬದಲಿಸಿದವರೂ ಇರಬಹುದು. ಕಲಿಕೆಯಲ್ಲಿ ಹಿಂದುಳಿದವರೇ ಹೆಚ್ಚಾಗಿ ಹೊರಟಿದ್ದರೆ ಮಾತ್ರ, ಯಾರೂ ಹೊಸದಾಗಿ ಏನೂ ಕಲಿಯದೆಯೇ ಶೇಕಡಾವಾರು ಏರುತ್ತದೆ.

ಸ್ಟ್ಯಾನ್‌ಫರ್ಡ್‌ನ ಕ್ರೆಡೊ ಸಂಸ್ಥೆಯ 2023ರ ಅಧ್ಯಯನವನ್ನು ಪೋಷಕರು ಆಗಾಗ ಉಲ್ಲೇಖಿಸುತ್ತಾರೆ. ಸಾಮಾನ್ಯ ಸರ್ಕಾರಿ ಶಾಲೆಗಳ ಅಂಥದೇ ಮಕ್ಕಳಿಗಿಂತ ಚಾರ್ಟರ್ ಮಕ್ಕಳು ವರ್ಷಕ್ಕೆ ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಕಲಿಕೆಯಷ್ಟು ಮುಂದಿದ್ದಾರೆ ಎಂಬುದು ಅದರ ರಾಷ್ಟ್ರೀಯ ಸರಾಸರಿ. ಪೂರ್ತಿ ಆನ್‌ಲೈನ್‌ನಲ್ಲಿ ನಡೆಯುವ ಚಾರ್ಟರ್‌ಗಳ ಮಕ್ಕಳು ಗಣಿತದಲ್ಲಿ 124 ದಿನ ಹಿಂದಿದ್ದರೆಂಬುದೂ ಅದೇ ವರದಿಯಲ್ಲಿದೆ. ಇಷ್ಟು ಅಂತರವಿರುವಾಗ ಹೆಸರಿನಲ್ಲಿ ‘ಚಾರ್ಟರ್’ ಇದೆಯೆಂಬ ಕಾರಣಕ್ಕೆ ಶಾಲೆಯನ್ನು ಒಪ್ಪುವುದಾಗಲಿ ತಳ್ಳಿಹಾಕುವುದಾಗಲಿ ಸರಿಯಲ್ಲ.

ಶಾಲೆ ನೋಡಲು ಹೋದಾಗ, ಹೆಸರು ಮುಚ್ಚಿದ ಒಂದು ಗಣಿತದ ನೋಟ್‌ಬುಕ್ ತೋರಿಸಿ ಎಂದು ವಿನಂತಿಸಿ. ಕಳೆದ ವರ್ಷ ನಾನು ಕಂಡ ಒಂದರಲ್ಲಿ, ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿದರೆ ಐದನೆಯ ಎರಡು ಭಾಗ ಎಂದು ಮಗು ಬರೆದಿತ್ತು. ಶಿಕ್ಷಕಿ ತಪ್ಪು ಗುರುತು ಹಾಕಿರಲಿಲ್ಲ, “ಇದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?” ಎಂದು ಪಕ್ಕದಲ್ಲಿ ಕೇಳಿದ್ದರು. ಮುಂದಿನ ಪುಟದಲ್ಲಿ ಮಗು ಉದ್ದನೆಯ ಪಟ್ಟಿಯನ್ನು ಆರು ಭಾಗ ಮಾಡಿ, ಐದಕ್ಕೆ ಬಣ್ಣ ತುಂಬಿತ್ತು.

ಚಾರ್ಟರ್ ಪರವಾನಗಿಗೆ ಅವಧಿಯಿದೆ, ಸಾಮಾನ್ಯವಾಗಿ ಐದು ವರ್ಷ. ನವೀಕರಣಕ್ಕಾಗಿ ಶಾಲೆ ಸಲ್ಲಿಸುವ ಅರ್ಜಿ ಸಾರ್ವಜನಿಕ ದಾಖಲೆ. ಅದರ ಮೇಲಿನ ವಿಚಾರಣೆಯೂ ಬಹಿರಂಗವಾಗಿ ನಡೆಯುತ್ತದೆ, ಪೋಷಕರು ಅಲ್ಲಿ ಮಾತನಾಡಬಹುದು. ಲಾಟರಿಗೆ ಹೆಸರು ಕೊಡುವ ಮೊದಲು ಆ ಅರ್ಜಿಯನ್ನು ತರಿಸಿಕೊಂಡು, ಹಿಂದಿನ ಅವಧಿಯಲ್ಲಿ ಶಾಲೆ ತಾನೇ ಇಟ್ಟುಕೊಂಡಿದ್ದ ಗುರಿಗಳ ಪುಟವನ್ನು ಮೊದಲು ತೆರೆಯಿರಿ.