ಫ್ಲೂ ಬಂದ ಬಾಣಂತಿ ಮಗುವಿಗೆ ಹಾಲುಣಿಸುವ ಬಗೆ

ಫ್ಲೂ ತರುವ ಇನ್‌ಫ್ಲುಯೆಂಜಾ ವೈರಾಣು ಎದೆಹಾಲಿನ ಮೂಲಕ ಮಗುವಿಗೆ ಹರಡುವುದಿಲ್ಲ. ತಾಯಿ ಕೆಮ್ಮಿದಾಗ, ಸೀನಿದಾಗ, ಹತ್ತಿರದಿಂದ ಮಾತನಾಡಿದಾಗ ಹೊರಬೀಳುವ ಹನಿಗಳಿಂದಲೂ ಆ ಹನಿಗಳು ತಾಕಿದ ಕೈಗಳಿಂದಲೂ ಹರಡುತ್ತದೆ. ಈ ಪಾಠದಲ್ಲಿ ನಾವು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದದ್ದು ಇದನ್ನೇ, ಏಕೆಂದರೆ ಮುಂದಿನ ಸಲಹೆಗಳೆಲ್ಲ ಇದರಿಂದಲೇ ಹೊರಡುತ್ತವೆ.

ಮಳೆಗಾಲದಲ್ಲಿ ಬೆಂಗಳೂರಿನ ಮನೆಗಳಲ್ಲಿ ಬಾಣಂತಿಗೆ ಜ್ವರ ಬಂದರೆ, ಹಾಲು ಕೆಟ್ಟಿರುತ್ತದೆ, ಗುಣವಾಗುವವರೆಗೆ ಪುಡಿ ಹಾಲು ಕೊಡಿ ಎನ್ನುವ ಹಿರಿಯರು ಇದ್ದಾರೆ. ಅವರ ಕಾಳಜಿ ನಿಜವಾದದ್ದು, ಆದರೆ ಸಲಹೆ ಸರಿಯಲ್ಲ. ಜ್ವರ ಕಾಣಿಸಿಕೊಳ್ಳುವ ಸುಮಾರು ಒಂದು ದಿನ ಮೊದಲೇ ಸೋಂಕು ಹರಡಲು ಆರಂಭವಾಗಿರುವುದರಿಂದ ಮಗುವಿಗೆ ಅದು ಆಗಲೇ ತಾಕಿರಬಹುದು. ಅಂಥ ಹೊತ್ತಿನಲ್ಲಿ ಹಾಲು ನಿಲ್ಲಿಸಿದರೆ ಅದರೊಡನೆ ಸಿಗುವ, ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳೂ ತಪ್ಪಿಹೋಗುತ್ತವೆ. 6 ತಿಂಗಳು ತುಂಬದ ಶಿಶುವಿಗೆ ಫ್ಲೂ ಲಸಿಕೆ ಹಾಕುವಂತಿಲ್ಲವಾದ್ದರಿಂದ ಈ ನಷ್ಟ ಸಣ್ಣದಲ್ಲ.

ಆದ್ದರಿಂದ ತಡೆಯಬೇಕಾದದ್ದು ಹಾಲನ್ನಲ್ಲ, ಹನಿಯನ್ನು. ಮಗುವನ್ನು ಎತ್ತಿಕೊಳ್ಳುವ ಮೊದಲು ತಾಯಿ 20 ಸೆಕೆಂಡುಗಳ ಕಾಲ ಸಾಬೂನಿನಿಂದ ಕೈ ತೊಳೆದು, ಮೂಗು ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಧರಿಸಿ ಹಾಲುಣಿಸಬೇಕು; ಉಳಿದ ಹೊತ್ತಿನಲ್ಲಿ ಮಗು ಆರೋಗ್ಯವಂತರ ಕೈಯಲ್ಲಿದ್ದರೆ ಒಳ್ಳೆಯದು. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚುವ ರೂಢಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು: ಗಾಳಿಯಾಡದ ಕೋಣೆಯಲ್ಲಿ ವೈರಾಣು ಹೆಚ್ಚು ಹೊತ್ತು ಉಳಿಯುತ್ತದೆ, ಸಾಂಬ್ರಾಣಿ ಹೊಗೆಯಂತೂ ಎಳೆಯ ಶ್ವಾಸನಾಳಗಳನ್ನು ಇನ್ನಷ್ಟು ಕೆರಳಿಸುತ್ತದೆ. ತಾಯಿಯನ್ನು ಬೆಚ್ಚಗೆ ಹೊದಿಸಿ ಕಿಟಕಿಯನ್ನು ತೆರೆದಿಡಲು ಹೇಳಿದರೆ ಮನೆಯವರು ಸಾಮಾನ್ಯವಾಗಿ ಒಪ್ಪುತ್ತಾರೆ ಎಂಬುದು ನನ್ನ ನಂಬಿಕೆ.

ತಾಯಿಗೆ ಎದ್ದು ಕೂರಲಾಗದಷ್ಟು ನಿತ್ರಾಣವಾಗಿದ್ದರೆ, ತೊಳೆದ ಕೈಗಳಿಂದ ಹಾಲು ಹಿಂಡಿ ಕೊಡಬಹುದು; ಒಳಲೆಯನ್ನು ನೀರಿನಲ್ಲಿ ಕುದಿಸಿ ಶುಚಿಗೊಳಿಸಿ, ಅದರಲ್ಲಿ ಆ ಹಾಲನ್ನು ಬೇರೊಬ್ಬರು ಕುಡಿಸಬಹುದು. ನವಜಾತ ಶಿಶು ದಿನಕ್ಕೆ 8 ಬಾರಿಯಾದರೂ ಕುಡಿಯುವುದರಿಂದ ಹಿಂಡುವುದೂ ಅಷ್ಟೇ ಬಾರಿ ನಡೆಯಬೇಕು, ಇಲ್ಲವಾದರೆ ಎದೆ ಕಟ್ಟಿಕೊಳ್ಳುತ್ತದೆ, ಹಾಲೂ ಕಡಿಮೆಯಾಗುತ್ತದೆ. ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ ಕೆಡುವುದಿಲ್ಲ. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಕೋಣೆಯ ಉಷ್ಣತೆ ಅದನ್ನು ಮೀರುವುದರಿಂದ ಫ್ರಿಜ್‌ನಲ್ಲಿಡುವುದೇ ಲೇಸು.

ಔಷಧದ ವಿಷಯದಲ್ಲಿಯೂ ಹಾಲು ಬಿಡಿಸುವ ಕಾರಣವಿಲ್ಲ. ಫ್ಲೂ ವೈರಾಣುವಿಗೆ ಕೊಡುವ ಓಸೆಲ್ಟಾಮಿವಿರ್ ಎಂಬ ಔಷಧ ಹಾಲಿಗೆ ಸೇರುವುದು ಅತ್ಯಲ್ಪ, ಮತ್ತು ರೋಗಲಕ್ಷಣ ಆರಂಭವಾದ 48 ಗಂಟೆಗಳೊಳಗೆ ಶುರುಮಾಡಿದರೆ ಅದರ ಪ್ರಯೋಜನ ಹೆಚ್ಚು. ಆದ್ದರಿಂದ ವೈದ್ಯರನ್ನು ಕಾಣಲು ತಡಮಾಡಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಬೇಡ, ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಹಾಲನ್ನು ಕಡಿಮೆ ಮಾಡುವುದರಿಂದ, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೆಗಡಿ ಮಾತ್ರೆಯಲ್ಲಿ ಏನೇನಿದೆಯೆಂದು ಓದಿ ನೋಡಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಮಗುವಿಗೆ ಸೋಂಕು ತಗುಲಬಹುದು. 3 ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ ಬಂದರೆ, ಹಾಲು ಕುಡಿಯಲು ಒಲ್ಲದಿದ್ದರೆ, ಉಸಿರಾಡುವಾಗ ಪಕ್ಕೆ ಒಳಸೆಳೆದುಕೊಂಡರೆ, ತುಟಿ ನೀಲಿಗಟ್ಟಿದರೆ ಅಥವಾ ಮೂತ್ರ ಕಡಿಮೆಯಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.